ಮಗಳ ಮೊದಲ ಸಂಬಳಕ್ಕೆ ನಾನು ಹೇಳಿದ ರೇಟು

ಹೋದ ವರ್ಷ ರಂಜಾನ್ ಹಬ್ಬ ಮುಗಿದು ಎರಡು ವಾರ ಆಗಿತ್ತು. ನನ್ನ ಮಗಳು ನಸ್ರೀನಳಿಗೆ ನರ್ಸಿಂಗ್ ಕೌನ್ಸಿಲ್‌ನಿಂದ ನೋಂದಣಿ ಪತ್ರ ಬಂದದ್ದು ಆಗಲೇ. ತುಮಕೂರಿನಲ್ಲಿ ಮೂರು ವರ್ಷ ಜಿ.ಎನ್.ಎಂ. ಓದಿ, ಪಾಸಾಗಿ, ಆ ಒಂದು ಕಾಗದಕ್ಕಾಗಿ ನಾಲ್ಕು ತಿಂಗಳು ಕಾದಿದ್ದಳು. ಅದು ಕೈಯಲ್ಲಿದ್ದರೆ ಅವಳು ಸ್ಟಾಫ್ ನರ್ಸ್, ಇಲ್ಲದಿದ್ದರೆ ಬರೀ ಪಾಸಾದ ಹುಡುಗಿ. ಕಾಗದ ಬಂದ ದಿನ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದರು. ಎಲ್ಲರೂ ನೆಮ್ಮದಿಯಾಗಿ ಕುಡಿದರು. ನನಗೆ ಮಾತ್ರ ಅರ್ಧ ಲೋಟ ಮುಗಿಯುವಷ್ಟರಲ್ಲಿ ಹೊಸ ಚಿಂತೆ ಶುರುವಾಯಿತು. ಇವಳಿಗೆ ಸಂಬಳ ಎಷ್ಟು ಕೇಳಬೇಕು?

ಚಿಂತೆಯ ವಿಷಯದಲ್ಲಿ ನಾನು ಸೋಮಾರಿಯಲ್ಲ. ಕಾಗದ ಬರುವುದಿಲ್ಲವೇನೋ ಎಂದು ನಾಲ್ಕು ತಿಂಗಳು ಚಿಂತೆ ಮಾಡಿದ್ದೆ. ಬಂದ ಮೇಲೆ ಹೆಸರು ತಪ್ಪಾಗಿರಬಹುದು ಎಂದು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ಸರಿಯಾಗಿತ್ತು. ಹಾಗಾದರೆ ಲ್ಯಾಮಿನೇಷನ್ ಮಾಡಿಸುವುದೋ ಬೇಡವೋ ಎಂದು ಮನೆಯವರನ್ನೆಲ್ಲ ಪೀಡಿಸಿದೆ. "ನಿಮಗೆ ಚಿಂತೆ ಇಲ್ಲದಿದ್ದರೆ ಊಟ ಸೇರಲ್ಲ" ಎಂದು ನನ್ನ ಹೆಂಡತಿ ಹೇಳಿದಳು. ಅವಳ ಮಾತು ಸುಳ್ಳಲ್ಲ. ಮನೆಯಲ್ಲಿ ನಾವು ಆಡುವುದು ಉರ್ದು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಉರ್ದುವಿನಲ್ಲಿ ಅವಳು ಹೇಳಿದ್ದು ಇನ್ನೂ ಸ್ವಲ್ಪ ಖಾರವಾಗಿತ್ತು.

ನಾನು ಸಿರಾದವನು. ಹುಣಸೆಹಣ್ಣಿನ ವ್ಯಾಪಾರ. ಸಿರಾ, ಮಧುಗಿರಿ, ಪಾವಗಡದ ಕಡೆ ಹಳ್ಳಿಗಳಿಗೆ ಹೋಗಿ, ಮರದ ಮೇಲಿರುವ ಫಸಲು ನೋಡಿ, ಮಾತಾಡಿ ಕೊಂಡುಕೊಂಡು, ಉದುರಿಸಿ, ಸಿಪ್ಪೆ ಬೀಜ ತೆಗೆಸಿ ಮಂಡಿಗೆ ಹಾಕುತ್ತೇನೆ. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ. ಮಂಡಿಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತೇವೆ. ಪಕ್ಕದಲ್ಲಿ ನಿಂತವನಿಗೂ ಎಷ್ಟಕ್ಕೆ ಮುಗಿಯಿತು ಎಂದು ಗೊತ್ತಾಗುವುದಿಲ್ಲ. ಬಾಯಲ್ಲಿ ಹೇಳುವ ದರ ಯಾವತ್ತೂ ನಿಜವಾದ ದರ ಅಲ್ಲ. ಹಳ್ಳಿಯಲ್ಲಿ ಯಾರು ಕೇಳಿದರೂ, ಯಾವ ವರ್ಷ ಕೇಳಿದರೂ, ನನ್ನ ಉತ್ತರ ಒಂದೇ. "ಮಾರ್ಕೆಟ್ ಬಿದ್ದೋಗದೆ ಗೌಡ್ರೇ, ಕೇಳೋರೇ ಇಲ್ಲ." ಕೊಳ್ಳುವವನು ಹೀಗೆ ಹೇಳದಿದ್ದರೆ ಕೊಡುವವನು ಮರ ಹತ್ತಿ ಕೂರುತ್ತಾನೆ. ಇದನ್ನು ನಾನು ಸುಳ್ಳು ಎಂದು ಯಾವತ್ತೂ ಅಂದುಕೊಂಡಿರಲಿಲ್ಲ. ಕೆಮ್ಮಿನ ಹಾಗೆ, ಅದು ತಾನಾಗಿ ಬರುತ್ತದೆ.

ನರ್ಸುಗಳ ಸಂಬಳದ ಬಗ್ಗೆ ನಾಲ್ಕು ಜನರನ್ನು ವಿಚಾರಿಸಿದೆ. ಬೆಂಗಳೂರಿನಲ್ಲಿರುವ ನನ್ನ ಭಾವಮೈದ ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಒಪ್ಪಬೇಡಿ ಎಂದ. ಟೀ ಅಂಗಡಿಯಲ್ಲಿ ಸಿಕ್ಕಿದವರೊಬ್ಬರು ತಮ್ಮ ನೆಂಟರ ಸೊಸೆ ಕುವೈತ್‌ನಲ್ಲಿ ಲಕ್ಷದ ಮೇಲೆ ತಗೊಳ್ಳುತ್ತಾಳೆ ಎಂದರು. ಔಷಧಿ ಅಂಗಡಿಯವನು, "ಹೊಸಬರಿಗೆ ಎಂಟು ಕೊಟ್ರೆ ಹೆಚ್ಚು ಸಾಬ್ರೇ, ಕೆಲ್ಸ ಕಲಿಯಕ್ಕೆ ಬಂದೋರು ತಾನೆ" ಎಂದು ನಕ್ಕ. ನಾಲ್ಕನೆಯವನು ನನ್ನ ಮಗಳಿಗೆ ಮದುವೆ ಯಾವಾಗ ಎಂದು ಕೇಳಿದ. ಎಂಟು ಸಾವಿರಕ್ಕೂ ಲಕ್ಷಕ್ಕೂ ನಡುವೆ ನಾನು ಒಂದು ವಾರ ಅಲೆದಾಡಿದೆ. ಹೆಚ್ಚು ಕೇಳಿದರೆ ಆಚೆ ಕಳಿಸುತ್ತಾರೆ, ಕಡಿಮೆ ಕೇಳಿದರೆ ಸಂಬಳ ಅಲ್ಲೇ ನಿಂತುಬಿಡುತ್ತದೆ.

ನಸ್ರೀನ್ ನನ್ನಷ್ಟು ಅಲೆದಾಡಲಿಲ್ಲ. ತನಗಿಂತ ಮೊದಲು ಪಾಸಾದ ಐದು ಹುಡುಗಿಯರಿಗೆ ಫೋನ್ ಮಾಡಿ, ಯಾರಿಗೆ ಎಷ್ಟು, ಊಟ ಸೇರಿಯೋ ಇಲ್ಲವೋ, ರಾತ್ರಿ ಪಾಳಿ ತಿಂಗಳಿಗೆ ಎಷ್ಟು ಎಂದೆಲ್ಲ ಕೇಳಿಕೊಂಡಳು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿ, "ಅಬ್ಬಾ, ನಾನು ಹದಿನಾರು ಕೇಳ್ತೀನಿ. ಹದಿನಾಲ್ಕಕ್ಕಿಂತ ಕೆಳಗೆ ಒಪ್ಪಲ್ಲ. ನೀವು ಬರ್ತೀರಲ್ಲ, ಸುಮ್ಮನೆ ಕೂತಿರಿ. ಸಾಕು" ಎಂದಳು. ಇದನ್ನು ಆ ವಾರ ಇಪ್ಪತ್ತು ಸಲವಾದರೂ ಹೇಳಿರಬೇಕು. ನಾನು ಇಪ್ಪತ್ತು ಸಲವೂ ತಲೆಯಾಡಿಸಿದೆ.

ಮಧುಗಿರಿಯ ಒಂದು ನರ್ಸಿಂಗ್ ಹೋಮಿನಲ್ಲಿ ಇಬ್ಬರು ಸ್ಟಾಫ್ ನರ್ಸ್ ಬೇಕಾಗಿದ್ದಾರೆಂದು ಅವಳ ಗೆಳತಿಯೊಬ್ಬಳು ತಿಳಿಸಿದಳು. ಊಟ ವಸತಿ ಅಲ್ಲೇ. ಹುಡುಗಿಯರು ರಾತ್ರಿ ಪಾಳಿ ಮಾಡಬೇಕಾದ್ದರಿಂದ ತಂದೆಯೋ ತಾಯಿಯೋ ಜೊತೆಗೆ ಬಂದು ಒಪ್ಪಿಗೆಯ ಸಹಿ ಹಾಕಬೇಕು ಎಂದಿದ್ದರು. ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟೆವು. ಬಸ್ಸಿನಲ್ಲಿ ಸರ್ಟಿಫಿಕೇಟ್‌ಗಳ ಫೈಲನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡೆ. ಮಿಕ್ಕವರೆಲ್ಲ ಅದನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ.

ನರ್ಸಿಂಗ್ ಹೋಮಿನ ಹೆಸರು ಬೇಡ. ಡಾಕ್ಟರು ಕೆಳಗೆ ರೋಗಿಗಳನ್ನು ನೋಡುತ್ತಾರೆ, ಮೇಲೆ ಆಫೀಸು, ಅದನ್ನು ನೋಡಿಕೊಳ್ಳುವವರು ಡಾಕ್ಟರ ಹೆಂಡತಿ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಆಫೀಸಿನ ಹೊರಗಿನ ಬೆಂಚಿನಲ್ಲಿ ನಮಗಿಂತ ಮೊದಲೇ ಒಬ್ಬ ಹುಡುಗಿ, ಅವಳ ತಾಯಿ ಕೂತಿದ್ದರು. ಹುಡುಗಿಯ ಹೆಸರು ಅನಿತಾ. ತಾಯಿ ಓಬುಳಮ್ಮ, ಪಾವಗಡದ ಆಚೆ ಗಡಿಯ ಹತ್ತಿರದ ಹಳ್ಳಿಯವರು, ಅಂಗನವಾಡಿಯಲ್ಲಿ ಸಹಾಯಕಿ. ಐದು ನಿಮಿಷದಲ್ಲಿ ಇಷ್ಟನ್ನೂ ಅವರೇ ಹೇಳಿದರು. ಹುಡುಗಿಯರಿಬ್ಬರೂ ಕೆಳಗೆ ವಾರ್ಡು ನೋಡಿ ಬರುತ್ತೇವೆಂದು ಹೋದರು. ಬೆಂಚಿನಲ್ಲಿ ನಾನು, ಓಬುಳಮ್ಮ, ನಡುವೆ ಎರಡು ಫೈಲು.

"ಅಣ್ಣ, ನೀವು ಎಷ್ಟು ಕೇಳ್ಬೇಕು ಅಂತಿದೀರ?" ಎಂದು ಓಬುಳಮ್ಮ ಕೇಳಿದರು. "ನಮ್ದೇನೋ ಹದಿನಾಲ್ಕು ಅಂತದೆ. ನಂಗ್ಯಾಕೋ ಭಯ. ಅಷ್ಟು ಕೇಳಿದ್ರೆ ವೆಳ್ಳಿಪೋ, ನಡಿ ಆಚೆ ಅಂತಾರೇನೋ ಅಂತ."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಹದಿನಾಲ್ಕೆಲ್ಲಿ ಬಂತು ಬುಡಮ್ಮ. ಈಗ ಹೊಸಬ್ರನ್ನ ಕೇಳೋರೇ ಇಲ್ಲ. ಹತ್ತು ಸಿಕ್ರೆ ದೊಡ್ಡದು. ನಾವೂ ಅಷ್ಟೇ ಕೇಳದು" ಎಂದೆ.

ಹೇಳುವಾಗ ನನ್ನ ದನಿ ಎಷ್ಟು ಸಹಜವಾಗಿತ್ತೆಂದರೆ, ಹುಣಸೆಮರದ ಕೆಳಗೆ ನಿಂತಿದ್ದೇನೆ ಎಂದೇ ಬಾಯಿ ತಿಳಿದುಕೊಂಡಿತ್ತು. ಎದುರಿಗೆ ಸಿಕ್ಕವರ ಆಸೆಯನ್ನು ಮೊದಲು ಕೆಳಗಿಳಿಸಬೇಕು, ನಿಜವಾದ ದರ ಬಾಯಿ ಬಿಡಬಾರದು. ಇಷ್ಟೇ ಅಭ್ಯಾಸ. ಈ ದಿನ ನಾನು ಕೊಳ್ಳುವ ಕಡೆ ಇಲ್ಲ, ಕೊಡುವ ಕಡೆ ಇದ್ದೇನೆ ಎನ್ನುವುದು ತಲೆಗೆ ಹೊಳೆಯಲೇ ಇಲ್ಲ. ಎಲ್ಲದಕ್ಕೂ ಚಿಂತೆ ಮಾಡುವ ನಾನು ಇದೊಂದಕ್ಕೆ ಚಿಂತೆ ಮಾಡಲಿಲ್ಲ.

ಓಬುಳಮ್ಮ ಒಪ್ಪಿದ ಹಾಗೆ ತಲೆಯಾಡಿಸಿದರು. ಅಷ್ಟರಲ್ಲಿ ಹುಡುಗಿಯರು ಮೇಲೆ ಬಂದರು. ತಾಯಿ ಮಗಳ ಕಿವಿಯಲ್ಲಿ ಏನೋ ಹೇಳಿದರು. ಮಗಳು ಮುಖ ಗಂಟಿಕ್ಕಿ, ಬೇಡ ಎನ್ನುವ ಹಾಗೆ ಏನೋ ಅಂದಳು. ಒಳಗಿನಿಂದ ಅವರನ್ನೇ ಮೊದಲು ಕರೆದರು.

ಹತ್ತು ನಿಮಿಷಕ್ಕೆ ಹೊರಗೆ ಬಂದರು. ಓಬುಳಮ್ಮನ ಮುಖ ಅರಳಿತ್ತು. "ಒಪ್ಕೊಂಡ್ರು ಅಣ್ಣ. ಹತ್ತು, ಊಟ, ರೂಮು. ನೀವು ಹೇಳಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ಇವಳು ಬಾಯಿಗೆ ಬಂದಂಗೆ ಕೇಳ್ಬುಡ್ತಿದ್ದಳು." ಅನಿತಾ ಗೋಡೆಯ ಕಡೆ ತಿರುಗಿ ನಿಂತಳು. ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಆದರೆ ನಸ್ರೀನ್ ಆಗಲೇ ಬಾಗಿಲು ತಳ್ಳಿದ್ದಳು.

ಒಳಗೆ ಮೇಡಂ ಜೊತೆಗೆ ಇನ್‌ಚಾರ್ಜ್ ಸಿಸ್ಟರ್ ಇದ್ದರು. ಐವತ್ತು ದಾಟಿದ, ಕಾಲು ನೋವಿರುವವರ ಹಾಗೆ ಕುರ್ಚಿಯಲ್ಲಿ ಪಕ್ಕಕ್ಕೆ ವಾಲಿ ಕೂತಿದ್ದವರು. ಅವರು ನಸ್ರೀನಳನ್ನು ನಾಲ್ಕು ಪ್ರಶ್ನೆ ಕೇಳಿದರು. ಡ್ರಿಪ್ ಓಡುತ್ತಿರುವಾಗ ಚಳಿ ಬಂದರೆ ಮೊದಲು ಏನು ಮಾಡುತ್ತೀಯ, ಮಗುವಿಗೆ ಸೂಜಿ ಎಲ್ಲಿ ಹಾಕುತ್ತೀಯ, ಹೀಗೆ. ಇವಳು ತಡವರಿಸದೆ ಹೇಳಿದಳು. ಸಿಸ್ಟರ್ ಮೇಡಂ ಕಡೆ ನೋಡಿ ಕಣ್ಣಿನಲ್ಲೇ ಆಗಬಹುದು ಎಂದರು.

"ಎಷ್ಟು ಎಕ್ಸ್‌ಪೆಕ್ಟ್ ಮಾಡ್ತಿದೀಯಮ್ಮ?"

"ಹದಿನಾರು ಮೇಡಂ."

ಮೇಡಂ ಕೋಪ ಮಾಡಿಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಈಗ ತಾನೆ ಒಬ್ಬಳು ಹೋದಳಲ್ಲ, ಅವಳೂ ನಿನ್ನಂಗೇ ಜಿ.ಎನ್.ಎಂ. ಅವಳಿಗೂ ರಿಜಿಸ್ಟ್ರೇಷನ್ ಆಗಿದೆ. ಅವರ ತಾಯಿ ಅವರ ಬಾಯಲ್ಲೇ ಹತ್ತು ಅಂದ್ರು. ನಾನೇನು ಕಮ್ಮಿ ಮಾಡ್ಲಿಲ್ಲ. ಪಕ್ಕದ ಮಂಚ ನೋಡ್ಕೊಳ್ಳೋಳಿಗೆ ಹತ್ತು, ನಿಂಗೆ ಹದಿನಾರು ಹೆಂಗೆ ಕೊಡ್ಲಿ, ನೀನೇ ಹೇಳು. ಹತ್ತಕ್ಕಾದರೆ ಇವತ್ತೇ ಆರ್ಡರ್ ಕೊಡ್ತೀನಿ."

"ಮೇಡಂ, ಎರಡು ನಿಮಿಷ ಹೊರಗೆ ಹೋಗಿ ಬರ್ಲಾ?" ಎಂದು ನಸ್ರೀನ್ ಎದ್ದು ಹೋದಳು.

ನಾನು ಅಲ್ಲೇ ಉಳಿದೆ. ಎದ್ದು ಹೋಗುವುದು ಮರ್ಯಾದೆಯೋ, ಕೂತಿರುವುದು ಮರ್ಯಾದೆಯೋ ತಿಳಿಯಲಿಲ್ಲ. ಮೇಡಂ ಮಾತಿಗೆ ಎಂದು, "ನೀವೇನ್ ಮಾಡ್ಕೊಂಡಿದೀರ?" ಎಂದರು.

"ಹುಣಸೆಹಣ್ಣಿನ ವ್ಯಾಪಾರ ಮೇಡಂ."

"ಹೌದಾ, ನಮ್ಮ ಅಪ್ಪನ ಮನೆ ತೋಟದಲ್ಲೂ ನಾಲ್ಕು ಮರ ಇದಾವೆ. ಈ ವರ್ಷ ರೇಟು ಹೆಂಗೆ?"

"ಬಿದ್ದೋಗದೆ ಮೇಡಂ" ಎಂದೆ. ಆ ವರ್ಷ ದರ ಚೆನ್ನಾಗಿಯೇ ಇತ್ತು.

ಇನ್‌ಚಾರ್ಜ್ ಸಿಸ್ಟರ್ ನನ್ನನ್ನೇ ನೋಡುತ್ತಿದ್ದರು. "ಮಗಳು ಏನ್ ಮಾಡ್ತವ್ಳೆ ನೋಡೋಗಿ ಸಾಬ್ರೇ" ಎಂದು ಕಳಿಸಿದರು. ಆ ಹೆಣ್ಣುಮಗಳ ಉಪಕಾರ ನನ್ನ ಮೇಲೆ ಇನ್ನೂ ಇದೆ.

ಹೊರಗೆ ನಸ್ರೀನ್ ಅನಿತಾಳ ಮುಂದೆ ನಿಂತಿದ್ದಳು. "ಯಾಕೆ ಹತ್ತು ಅಂದ್ರಿ? ಕೆಳಗೆ ವಾರ್ಡಿನಲ್ಲಿ ಹದಿನಾಲ್ಕು ಅಂತಿದ್ಯಲ್ಲ?" ಎಂದು ಕೇಳುತ್ತಿದ್ದಳು.

"ನಾನಲ್ಲ, ನಮ್ಮಮ್ಮ ಅಂದಿದ್ದು" ಎಂದಳು ಅನಿತಾ. ಅವಳ ಕಣ್ಣು ಕೆಂಪಾಗಿತ್ತು. "ನಿಮ್ಮಪ್ಪನೇ ಹತ್ತು ಅಂದ್ರಂತೆ. ನೀವೂ ಅಷ್ಟೇ ಕೇಳೋದಂತೆ."

"ಹೂಂ ಕಣಮ್ಮ, ಅಣ್ಣನೇ ಹೇಳಿದ್ದು. ದೊಡ್ಡೋರು, ನಾಲ್ಕು ಊರು ತಿರುಗಿದೋರು" ಎಂದರು ಓಬುಳಮ್ಮ, ನನ್ನನ್ನು ತೋರಿಸಿ.

ನಸ್ರೀನ್ ನನ್ನ ಕಡೆ ತಿರುಗಿದಳು. ನನ್ನ ಮಗಳು ನನ್ನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಕೋಪ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ಕೋಪವಲ್ಲ. ಪರಿಚಯದವರು ಎಂದುಕೊಂಡು ಹತ್ತಿರ ಹೋಗಿ, ಬೇರೆ ಯಾರೋ ಎಂದು ಗೊತ್ತಾದಾಗ ನೋಡುತ್ತೇವಲ್ಲ, ಹಾಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮೊದಲು ಮಾತಾಡಿದಳು.

"ನಮ್ಮ ಅಬ್ಬಾಗೆ ನರ್ಸ್ ಸಂಬಳ ಗೊತ್ತಿಲ್ಲ ಅಮ್ಮ" ಎಂದು ಓಬುಳಮ್ಮನಿಗೆ ಹೇಳಿದಳು. "ಅವರಿಗೆ ಗೊತ್ತಿರೋದು ಹುಣಸೆಹಣ್ಣು ಮಾತ್ರ. ಯಾರೋ ಹೇಳಿದ್ದು ಕೇಳ್ಕೊಂಡು ಹೇಳ್ಬುಟ್ಟವ್ರೆ."

"ಅಯ್ಯೋ ಪಾಪ" ಎಂದರು ಓಬುಳಮ್ಮ.

ಆಮೇಲೆ ನಸ್ರೀನ್ ಅನಿತಾಳಿಗೆ ತನ್ನ ಐದು ಫೋನಿನ ಕಥೆಯನ್ನೆಲ್ಲ ಹೇಳಿದಳು. ಯಾವ ಊರಿನಲ್ಲಿ ಎಷ್ಟು, ಊಟ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು. ಏನನ್ನೂ ಮುಚ್ಚಿಡಲಿಲ್ಲ. ನನ್ನ ವ್ಯಾಪಾರದ ಯಾವನಾದರೂ ಅಲ್ಲಿದ್ದಿದ್ದರೆ ಗಾಬರಿಯಾಗುತ್ತಿದ್ದ. "ಇಬ್ರೂ ಒಟ್ಟಿಗೆ ಹೋಗಿ ಹದಿನಾಲ್ಕು ಅನ್ನಣ. ನಾನು ಹದಿನಾರು ಬಿಡ್ತೀನಿ. ನಿಂಗೆ ಕೊಟ್ಟಷ್ಟೇ ನಂಗೂ" ಎಂದಳು.

"ಬ್ಯಾಡಮ್ಮ, ಸಿಕ್ಕಿದ್ದೂ ಹೋಯ್ತದೆ" ಎಂದು ಓಬುಳಮ್ಮ ಮಗಳ ಕೈ ಹಿಡಿದುಕೊಂಡರು. "ಒಪ್ಕೊಂಡು ಬಂದು ಮತ್ತೆ ಮಾತು ತಿರುಗಿಸಿದ್ರೆ ಯಾರು ಸುಮ್ನಿರ್ತಾರೆ? ಎರಡು ತಿಂಗಳಿಂದ ಮನೇಲಿ ಕೂತಿದಾಳೆ ಅಣ್ಣ, ನೀವಾದ್ರೂ ಹೇಳಿ."

ನಾನು ಸುಮ್ಮನಿದ್ದೆ. ಬೆಳಿಗ್ಗೆಯಿಂದ ನಸ್ರೀನ್ ನನಗೆ ಹೇಳಿದ ಕೆಲಸವನ್ನು ಮಾಡಿದ್ದು ಅದೇ ಮೊದಲು.

ಅನಿತಾ ಕೈ ಬಿಡಿಸಿಕೊಂಡಳು. "ಹೋದ್ರೆ ಹೋಗ್ಲಿ ಅಮ್ಮ. ನೀನು ಹೇಳಿದ್ದನ್ನ ನಾನು ಹೇಳಿರ್ಲಿಲ್ಲ. ಈಗ ನಾನು ಹೇಳ್ತೀನಿ" ಎಂದು ನಸ್ರೀನಳ ಜೊತೆ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಇಪ್ಪತ್ತು ನಿಮಿಷ ಇರಬಹುದು. ಓಬುಳಮ್ಮ ಚೀಲದಿಂದ ಹುರಿದ ಕಡಲೆಕಾಯಿ ತೆಗೆದು ನನ್ನ ಕೈಗೆ ಒಂದು ಹಿಡಿ ಹಾಕಿದರು. "ತಗೊಳ್ಳಿ ಅಣ್ಣ, ಬೆಳಿಗ್ಗೆ ಏನೂ ತಿಂದಿಲ್ಲ ನೀವು, ಮುಖ ನೋಡಿದ್ರೆ ಗೊತ್ತಾಯ್ತದೆ" ಎಂದರು. ಆಮೇಲೆ ತಾವೇ ಮಾತಾಡಿದರು. "ನಿಮ್ಮ ತಪ್ಪೇನಿಲ್ಲ ಬುಡಿ. ಹದಿನೆಂಟು ವರ್ಷದಿಂದ ಅಂಗನವಾಡೀಲಿ ಕೆಲ್ಸ ಮಾಡ್ತಾ ಇದೀನಿ, ನಂಗೇ ಹತ್ತು ಬರಲ್ಲ. ನೀವು ಹತ್ತು ಅಂದಾಗ ನಂಗೆ ಕಮ್ಮಿ ಅನ್ನಿಸ್ಲೇ ಇಲ್ಲ. ಮೊದಲ ದಿನಕ್ಕೇ ನನಗಿಂತ ಜಾಸ್ತಿ ತಗೊಳ್ತಾಳಲ್ಲ ಅಂತ ಖುಷಿಯಾಯ್ತು."

ಈಗ ಹೇಳಿಬಿಡಬೇಕು ಎಂದುಕೊಂಡೆ. ಅಮ್ಮ, ನನಗೆ ಗೊತ್ತಿತ್ತು, ಹದಿನಾರು ಕೇಳುವುದೆಂದು ಗೊತ್ತಿದ್ದೇ ಹತ್ತು ಎಂದೆ. ಮನಸ್ಸಿನಲ್ಲಿ ಈ ವಾಕ್ಯವನ್ನು ಎರಡು ಮೂರು ರೀತಿ ಜೋಡಿಸಿ ನೋಡಿದೆ. ಒಂದೊಂದರ ಕೊನೆಗೂ ಆ ತಾಯಿಯ ಮುಖ ಹೇಗಾಗಬಹುದು ಎಂದು ಕಲ್ಪಿಸಿಕೊಂಡು ಹಿಂದೆ ಸರಿದೆ. ಕೊನೆಗೆ ಹೇಳಿದ್ದು, "ಕಡಲೆಕಾಯಿ ಚೆನ್ನಾಗವೆ" ಎಂದು.

ಒಳಗಿನಿಂದ ಮೇಡಂ ದನಿ ಏರಿದ್ದು ಕೇಳಿಸಿತು. "ಇದೇನು ಸಂಘ ಕಟ್ಕೊಂಡು ಬಂದಿದೀರಾ? ಹಾಗಾದ್ರೆ ಇಬ್ರೂ ಬೇಡ, ಬೇರೆಯವರು ಬರ್ತಾರೆ." ಓಬುಳಮ್ಮ ಎದ್ದು ನಿಂತರು. ನಾನೂ ಎದ್ದೆ. ಅನಿತಾಳಿಗೆ ಸಿಕ್ಕಿದ್ದ ಹತ್ತನ್ನೂ ನಾನೇ ಕಳೆದೆ ಎನ್ನುವುದು ಆಗ ನನಗೆ ಖಾತ್ರಿಯಾಯಿತು. ಆಮೇಲೆ ಇನ್‌ಚಾರ್ಜ್ ಸಿಸ್ಟರ್ ದನಿ, ನಿಧಾನವಾಗಿ. "ಬೇರೆಯವ್ರು ಬರ್ತಾರೆ ಮೇಡಂ, ಯಾಕ್ ಬರಲ್ಲ. ಹತ್ತಕ್ಕೆ ಬಂದೋರು ಕೆಲ್ಸ ಕಲ್ತು ಮೂರು ತಿಂಗಳಿಗೆ ತುಮಕೂರಿಗೆ ಹೋಯ್ತಾರೆ. ಆಮೇಲೆ ಬಂದೋರಿಗೆ ಮತ್ತೆ ನಾನೇ ಕೈ ಹಿಡಿದು ಸೂಜಿ ಹಾಕೋದು ಹೇಳ್ಕೊಡ್ಬೇಕು. ಈ ವರ್ಷ ನಾಲ್ಕು ಜನಕ್ಕೆ ಹೇಳ್ಕೊಟ್ಟೆ. ನನ್ ಮಂಡಿ ಕೇಳಲ್ಲ. ಇವೆರಡೂ ಕೆಲ್ಸ ಬಲ್ಲವು."

ಆಮೇಲೆ ಬಾಗಿಲು ತೆರೆದು ನಮ್ಮನ್ನು ಸಹಿಗೆ ಕರೆದರು. ಇಬ್ಬರಿಗೂ ಹದಿನಾಲ್ಕು, ಊಟ, ಹಿಂದಿನ ರೂಮು, ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವುದಿಲ್ಲ. ಮೇಡಂ ಮುಖ ಸಪ್ಪಗಿತ್ತು, ಆದರೆ ಆರ್ಡರಿನಲ್ಲಿ ಇದ್ದದ್ದು ಹದಿನಾಲ್ಕೇ. ಅಂಕಿಯಲ್ಲೂ ಅಕ್ಷರದಲ್ಲೂ ಸರಿಯಿದೆಯೇ ಎಂದು ನಾನು ಎರಡು ಸಲ ಓದಿ ಸಹಿ ಹಾಕಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನಸ್ರೀನ್ ಕಿಟಕಿಯ ಹತ್ತಿರ ಕೂತಳು. ಮಧುಗಿರಿಯ ಬೆಟ್ಟ ಹಿಂದಾಯಿತು. "ಎರಡು ಸಾವಿರ ನನ್ನಿಂದ ಹೋಯ್ತು" ಎಂದೆ ಕೊನೆಗೆ.

"ನಂದು ಎರಡು. ಅವಳದ್ದು ನಾಲ್ಕು ಹೋಗ್ತಿತ್ತು" ಎಂದಳು. ಅಷ್ಟೇ. ಮನೆಗೆ ಬಂದು ತನ್ನ ತಾಯಿಗೂ ಹೇಳಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಹೇಳಿದ್ದರೆ ನನ್ನ ಹೆಂಡತಿ ಒಂದು ವಾರ ಬೈದು ಮುಗಿಸುತ್ತಿದ್ದಳು.

ಈಗ ವರ್ಷದ ಮೇಲಾಯಿತು. ಇಬ್ಬರೂ ಅಲ್ಲೇ ಇದ್ದಾರೆ, ಒಂದೇ ರೂಮಿನಲ್ಲಿ. ಸಂಬಳ ಸ್ವಲ್ಪ ಏರಿದೆ. ಹೊಸ ಹುಡುಗಿ ಯಾರಾದರೂ ಇಂಟರ್‌ವ್ಯೂಗೆ ಬಂದು ಆ ಬೆಂಚಿನಲ್ಲಿ ಕೂತರೆ, ಇವರಲ್ಲಿ ಒಬ್ಬಳು ನೀರು ಕೊಡುವ ನೆಪದಲ್ಲಿ ಹೋಗಿ ತಮ್ಮ ಸಂಬಳ ಎಷ್ಟೆಂದು ಹೇಳಿ ಬರುತ್ತಾಳಂತೆ. ಮೇಡಂಗೆ ಗೊತ್ತಾದರೆ ಏನು ಗತಿ ಎಂದು ನಾನು ಚಿಂತೆ ಮಾಡುತ್ತೇನೆ. ಅವರಿಗೆ ಚಿಂತೆ ಇಲ್ಲ.

ಹೋದ ತಿಂಗಳು ರಜೆಗೆ ನಸ್ರೀನ್ ಬಂದಾಗ ಅನಿತಾಳನ್ನೂ ಕರೆದುಕೊಂಡು ಬಂದಿದ್ದಳು. ಊಟಕ್ಕೆ ಕೂತಾಗ ಆ ದಿನದ ಮಾತು ಬಂತು. ಅನಿತಾ ನನ್ನ ಹೆಂಡತಿಗೆ ಎಲ್ಲವನ್ನೂ ನಗುತ್ತಾ ಹೇಳಿ, "ಪಾಪ, ಅಂಕಲ್‌ಗೆ ಗೊತ್ತಿರ್ಲಿಲ್ಲ ಆಂಟಿ. ಗೊತ್ತಿದ್ರೆ ಹಂಗೆ ಹೇಳ್ತಿರ್ಲಿಲ್ಲ. ನಮ್ಮಮ್ಮ ಈಗ್ಲೂ ಅಂತಾರೆ, ಅಣ್ಣ ಭಾಳ ಸಾಧು ಅಂತ" ಎಂದಳು. ನನ್ನ ಹೆಂಡತಿ ನನ್ನ ಮುಖವನ್ನು ನೋಡಿದಳು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ನಾನು ಎಷ್ಟು ಸಾಧು ಎಂದು ಗೊತ್ತು. ನಸ್ರೀನ್ ತಲೆ ಎತ್ತದೆ ಅನಿತಾಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಇದನ್ನು ಪತ್ರಿಕೆಗೆ ಬರೆಯಬೇಕು ಅನ್ನಿಸಿದ್ದು ಅವತ್ತೇ. ಆದರೆ ಅನಿತಾ ಓದಿದರೆ, ಓಬುಳಮ್ಮನಿಗೆ ಯಾರಾದರೂ ಓದಿ ಹೇಳಿದರೆ ಎಂದು ಹದಿನೈದು ದಿನ ಪೆನ್ನು ಮುಟ್ಟಲಿಲ್ಲ. ಕೊನೆಗೆ ನಸ್ರೀನಳಿಗೆ ಫೋನ್ ಮಾಡಿ ಬರೆಯಲೋ ಬೇಡವೋ ಎಂದು ಕೇಳಿದೆ. ಡ್ಯೂಟಿಯಲ್ಲಿದ್ದಳು, ಹಿಂದೆ ಯಾರೋ ಸಿಸ್ಟರ್ ಸಿಸ್ಟರ್ ಎಂದು ಕರೆಯುತ್ತಿದ್ದರು.

"ಬರೀರಿ ಅಬ್ಬಾ" ಎಂದಳು. "ಆದರೆ ಗೊತ್ತಿರಲಿಲ್ಲ ಅಂತ ಮಾತ್ರ ಬರೀಬೇಡಿ. ಅದು ನಾನು ಹೇಳಿದ್ದು, ನೀವು ಹೇಳಬಾರದು."

ನನಗೆ ಗೊತ್ತಿತ್ತು.